ಸತ್ತ ಮಾಸ್ತರರ ಜೊತೆ ಗದ್ವಾಲಿಗೆ

ನಾರಾಯಣಪೇಟೆಯಿಂದ ಗದ್ವಾಲಿಗೆ ನಾನು ಒಬ್ಬಳೇ ಹೊರಟೆನೆಂದು ಊರೆಲ್ಲ ಮಾತಾಡಿಕೊಂಡಿತು. ಅದು ಸುಳ್ಳು. ಬಸಲಿಂಗಯ್ಯ ಮಾಸ್ತರು ನನ್ನ ಜೊತೆಗಿದ್ದರು. ಅವರು ತೀರಿಕೊಂಡು ಏಳು ತಿಂಗಳಾಗಿತ್ತು ಎನ್ನುವುದು ಬೇರೆ ಮಾತು.

ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ಫಾಲ್ಗುಣ ಮಾಸ ಅದು. ನನಗೆ ಹತ್ತೊಂಬತ್ತು ವರ್ಷ. ನಮ್ಮೂರಿನ ಹೆಣ್ಣುಮಕ್ಕಳಿಗೆ ಒಂದು ಕನ್ನಡ ಶಾಲೆ ತೆರೆಯಲು ಹೊಸ ಸರಕಾರ ಒಪ್ಪಿತ್ತು. ಆದರೆ ಕಲಿಸುವವರು ಊರಿನವರೇ ಆಗಿರಬೇಕು, ಗದ್ವಾಲಿನಲ್ಲಿ ಶಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಪರೀಕ್ಷೆ ಕೊಟ್ಟು ಪಾಸಾಗಬೇಕು. ಹೆಸರು ಕೊಟ್ಟವಳು ನಾನೊಬ್ಬಳೇ. ನಾನು ಫೇಲಾದರೆ ಶಾಲೆಯೇ ಇಲ್ಲ.

ಹೆಸರು ಕೊಟ್ಟ ಮೂರನೆಯ ದಿನ ನಮ್ಮ ಸೋದರಮಾವನ ಮಗ್ಗದ ಮನೆಯಲ್ಲಿ ಮಾಸ್ತರು ಕಾಣಿಸಿಕೊಂಡರು. ಅದೇ ಕರಿ ಟೊಪ್ಪಿಗೆ, ಕಂಕುಳಲ್ಲಿ ಅದೇ ಕೊಡೆ, ಒಂದೇ ಕಾಲಿಗೆ ಚಪ್ಪಲಿ. ನಿಜಾಮರ ಕಾಲದಲ್ಲಿ ಪರವಾನಗಿಯಿಲ್ಲದ ಶಾಲೆ ನಡೆಸುವ ಹಾಗಿರಲಿಲ್ಲ. ಅದಕ್ಕೇ ಅವರು ನಮ್ಮ ಏಳು ಜನ ಹುಡುಗಿಯರನ್ನು ಮಗ್ಗದ ಪಕ್ಕದಲ್ಲಿ ಕೂರಿಸಿ ಕನ್ನಡ ಕಲಿಸಿದ್ದರು. ಮಾವ ಸೀರೆ ನೇಯುತ್ತಿದ್ದಷ್ಟು ಹೊತ್ತು ಓದು. ಎಳೆ ಹರಿದು ಮಗ್ಗ ನಿಂತರೆ ನಮ್ಮ ಬಾಯಿಯೂ ನಿಲ್ಲಬೇಕು. ನಮ್ಮ ದನಿ ಮಗ್ಗದ ಸದ್ದನ್ನು ದಾಟಬಾರದು ಎನ್ನುವುದು ಆ ಶಾಲೆಯ ಒಂದೇ ಕಾನೂನು. ಒಂಬತ್ತು ವರ್ಷ ನಾನು ಹಾಗೆ ಓದಿದವಳು.

"ಒಬ್ಬಾಕೀನ ಹೆಂಗ ಹೋಗತೀ?" ಎಂದು ಅವ್ವ ಅಡ್ಡ ಬಂದಳು.

"ಒಬ್ಬಾಕಿ ಯಾಕ? ಮಾಸ್ತರು ಬರತಾರ," ಎಂದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಆಮೇಲೆ ಯಾರೂ ತಡೆಯಲಿಲ್ಲ, ಹುಚ್ಚಿಯ ಗೊಡವೆ ಯಾರಿಗೆ ಬೇಕು?

ಮೊದಲ ದಿನ ಮಕ್ತಲ್‌ವರೆಗೆ ಸುಮಾರು ಹದಿನೆಂಟು ಮೈಲಿ. ಸೀರೆಯ ಗಂಟು ಹೇರಿಕೊಂಡು ಹೊರಟಿದ್ದ ಮಲ್ಲಣ್ಣನ ಬಂಡಿಯಲ್ಲಿ ಜಾಗ ಸಿಕ್ಕಿತು. ಬಿಸಿಲು ಆಗಲೇ ಚುರುಕಾಗಿತ್ತು. ಮಾಸ್ತರು ಗಂಟುಗಳ ಮೇಲೆ ಕೊಡೆ ಬಿಚ್ಚಿ ಕುಳಿತರು. ಬಿಸಿಲು ಕೊಡೆಯನ್ನೂ ಅವರನ್ನೂ ಹಾಯ್ದು ಸೀರೆಯ ಮೇಲೆ ಬೀಳುತ್ತಿತ್ತು, ಆದರೂ ಅವರು ಕೊಡೆ ಮಡಿಸಲಿಲ್ಲ. ದಾರಿಯುದ್ದಕ್ಕೂ ಲೆಕ್ಕ, ಮಗ್ಗಿ, ನದಿಗಳ ಹೆಸರು ಕೇಳುತ್ತ ಹೋದರು. ನಾನು ತುಟಿ ಅಲ್ಲಾಡಿಸಿ ಉತ್ತರ ಕೊಟ್ಟೆ. ಮಲ್ಲಣ್ಣ ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಬೀಡಿ ಆರಿಸಿದ.

ಮಕ್ತಲ್ ಸಮೀಪಿಸಿದಾಗ ಮಾಸ್ತರು ಬಂಡಿಯಿಂದ ಧುಮುಕಿದರು. "ಇಳಿ, ಇಳಿ! ಮುಂದ ಚೌಕಿ ಐತಿ. ಪುಸ್ತಕ ಸೆರಗಿನ್ಯಾಗ ಮುಚ್ಚಿಕೋ. ಹೊಲದಾಗಿಂದ ಸುತ್ತ ಹಾಕ್ಕೊಂಡು ಹೋಗೂಣು."

"ಮಾಸ್ತರ, ಆ ರಾಜ್ಯಭಾರ ಹೋತ್ರಿ. ದಂಡು ಬಂತು. ನೀವು ಸತ್ತ ಮುಂದಿನ ತಿಂಗಳ."

"ನಮ್ಮ ಕಡೆ ಅಂಥಾ ಸುದ್ದಿ ಏನೂ ಬಂದಿಲ್ಲ," ಎಂದರು ಅವರು, ಸತ್ತವರಿಗೆಲ್ಲ ಬೇರೆ ತಾಲೂಕು ಕಚೇರಿ ಇದ್ದಂತೆ.

ಆ ಚೌಕಿಯ ಪೊಲೀಸರು ಒಮ್ಮೆ ಅವರನ್ನು ಎರಡು ದಿನ ಕೂಡಿಹಾಕಿದ್ದರು. ಇನ್ನೊಂದು ಚಪ್ಪಲಿ ಅಲ್ಲೇ ಉಳಿದಿತ್ತು. ಅದು ಗೊತ್ತಿದ್ದುದರಿಂದ ವಾದ ಮಾಡದೆ ಇಳಿದೆ. ಜೋಳದ ಕೂಳೆ ತುಳಿಯುತ್ತ ಅರ್ಧ ಮೈಲಿ ಸುತ್ತಿ ಬಂದೆವು. ಹೊಲದ ಬದುವಿನಿಂದ ಚೌಕಿ ಕಾಣುತ್ತಿತ್ತು. ಬಾಗಿಲಲ್ಲಿ ಯಾರೋ ಆಡು ಕಟ್ಟಿದ್ದರು. ಮಾಸ್ತರರಿಗೆ ಮಾತ್ರ ಅಲ್ಲಿ ಬಂದೂಕು ಹಿಡಿದ ನಾಲ್ವರು ಕಂಡರು. ಕಾಲಿಗೆ ಕೂಳೆ ಚುಚ್ಚಿ ನನಗೆ ಸಿಟ್ಟು ಬಂದಿತ್ತು, ಅವರು ಕೊಡೆ ಎದೆಗವಚಿಕೊಂಡು ಬದುವಿನ ಮರೆಗೆ ಕುಕ್ಕರಿಸಿದ್ದನ್ನು ನೋಡಿ ಮುಂದೆ ನಡೆದೆ. ರಾತ್ರಿ ಮಕ್ತಲ್‌ನ ಮಠದಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಊಟ ಮಾಡಿ ಮಲಗಿದೆ.

ಮರುದಿನ ಇನ್ನೊಂದು ಬಂಡಿ ಹಿಡಿದು ಮಧ್ಯಾಹ್ನ ಕೃಷ್ಣೆಯ ದಡಕ್ಕೆ ಬಂದೆ. ದಾಟಿಸಲು ಒಂದಾಣೆ. ಹರಿಗೋಲು ಹಾಕುವವನು ಮಾದರಸಾಬ್, ಅರವತ್ತರ ಮುದುಕ. ಎಲ್ಲಿಗೆ, ಏನು ಎಂದು ವಿಚಾರಿಸಿದ. ಹೇಳಿದೆ.

"ಚಲೋ ಆತವ್ವ. ಗಲಾಟ್ಯಾಗ ನನ್ನ ತಮ್ಮನ ಮನಿ ಸುಟ್ಟರು. ಅವರು ಹೋದರು, ಇವರು ಬಂದರು. ನನಗಂತೂ ಅದ ಹೊಳಿ, ಅದ ಹುಟ್ಟು. ಸಾಲಿ ಒಂದ ಹೊಸಾದು ಆದರ ಆಗಲಿ. ಏನರ ಓದಿ ತೋರಿಸು, ಕೇಳತೀನಿ."

ಮಾಸ್ತರು ಟೊಪ್ಪಿಗೆ ತೆಗೆದು ತಲೆ ತಗ್ಗಿಸಿ ಕುಳಿತಿದ್ದರು. ನಾನು ಪುಸ್ತಕ ಬಿಚ್ಚಿ ಒಂದು ಪುಟ ಪೂರ್ತಿ ಓದಿದೆ.

"ಓದವ್ವ, ಯಾಕ ಸುಮ್ಮನ ಕುಂತಿ?" ಎಂದ ಮಾದರಸಾಬ್.

ಎರಡು ಮೊಳ ದೂರ ಕುಳಿತವನಿಗೆ ನನ್ನ ಓದು ಕೇಳಿಸಿರಲಿಲ್ಲ. ಮತ್ತೆ ಓದಿದೆ. ಜಗಳವಾಡುವಾಗ ಓಣಿಯೆಲ್ಲ ಕೇಳಿಸುವ ನನ್ನ ದನಿ, ಅಕ್ಷರ ಕಂಡ ಕೂಡಲೇ ಗಂಟಲಲ್ಲಿ ಇಳಿದುಹೋಗುತ್ತಿತ್ತು. ಹೀಗಿರುವವಳು ನಲವತ್ತು ಮಕ್ಕಳಿಗೆ ಏನು ಪಾಠ ಹೇಳಿಯಾಳು?

"ಶಹಬ್ಬಾಸ್!" ಎಂದರು ಮಾಸ್ತರು. "ಇದು ಓದು. ಪಕ್ಕದಾಗ ಕುಂತವಗೂ ಗೊತ್ತಾಗಬಾರದು."

ದಡಕ್ಕಿಳಿದ ಮೇಲೆ ನಾನು ಅವರೊಂದಿಗೆ ಜಗಳಕ್ಕೇ ನಿಂತೆ. "ನಿಮ್ಮ ಶಹಬ್ಬಾಸಗಿರಿ ನೀವ ಇಟ್ಟುಕೋರಿ! ನಾಳೆ ಸಾಹೇಬರಿಗೆ ಕೇಳಿಸಲಿಲ್ಲಂದ್ರ ಊರಿಗೆ ಸಾಲಿ ಬರೂದಿಲ್ಲ."

"ಕೇಳಿಸಿದರ ಹಿಡಕೊಂಡು ಹೋಗತಾರ."

"ಯಾರು ಹಿಡಕೊಂಡು ಹೋಗತಾರ? ಎಲ್ಲಿ ಅದಾರ?"

ಅವರು ಕೊಡೆ ಕಂಕುಳಲ್ಲಿ ಒತ್ತಿಕೊಂಡು ಮುಂದೆ ಹೊರಟರು. ಗದ್ವಾಲಿನವರೆಗೆ ಹತ್ತು ಮೈಲಿ ನಡಿಗೆ. ದಾರಿಯಲ್ಲಿ ಜೋರಾಗಿ ಓದಲು ಎಷ್ಟೋ ಸಲ ಪ್ರಯತ್ನಿಸಿದೆ. ಹದ್ದು ಓಡಿಸುವಷ್ಟು ಜೋರಾಗಿ ಕೂಗಬಲ್ಲೆ, ಪುಸ್ತಕ ಬಿಚ್ಚಿದರೆ ಪಿಸುಮಾತು. ಅಳು ಬಂತು.

ಗದ್ವಾಲಿನಲ್ಲಿ ಕೋಟೆಯ ಹತ್ತಿರದ ಒಂದು ಹಳೆಯ ಕಚೇರಿಯ ಪಡಸಾಲೆಯಲ್ಲಿ ಪರೀಕ್ಷೆ. ಹನ್ನೆರಡು ಜನ ಬಂದಿದ್ದರು, ಹೆಂಗಸು ನಾನೊಬ್ಬಳೇ. ಬೆಳಿಗ್ಗೆ ಬರವಣಿಗೆ, ಲೆಕ್ಕ. ಅವು ನನಗೆ ನೀರು ಕುಡಿದಷ್ಟು ಸುಲಭವಾದವು. ಊಟದ ಮೇಲೆ ಓದು. ಇನ್‌ಸ್ಪೆಕ್ಟರ್ ಸಾಹೇಬರು ಅಂಗಳದ ಆಚೆ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು, "ಅಲ್ಲಿಂದ ಓದಿ. ಹಿಂದಿನ ಸಾಲಿನ ಮಗು ನಾನು," ಎಂದರು.

ಸೋಮಾರಿ ಎತ್ತಿನ ಪಾಠವೊಂದನ್ನು ನನ್ನ ಕೈಗೆ ಕೊಟ್ಟರು. ಓದಿದೆ. ಸಾಹೇಬರು ಕಿವಿಗೆ ಕೈ ಇಟ್ಟರು. ಹಿಂದಿನಿಂದ ಯಾರೋ ನಕ್ಕರು. "ಗಟ್ಟಿಗಾ ಚದುವಮ್ಮಾ!" ಎಂದು, ಜೋರಾಗಿ ಓದಲು ಹೇಳುತ್ತ ತೆಲುಗಿನ ಜವಾನ ಮುಂದೆ ಬಂದ. ಅವನ ಸೊಂಟದ ಪಟ್ಟಿ, ಬಿಲ್ಲೆ ನೋಡಿ ಪೊಲೀಸನೆಂದು ತಿಳಿದದ್ದೇ ತಡ ಮಾಸ್ತರು ಕಂಬದ ಮರೆಗೆ ಹಾರಿದರು. "ಸಣ್ಣಗ, ಸಣ್ಣಗ! ಪುಸ್ತಕ ಮುಚ್ಚು! ಬಂದ, ಬಂದ!"

"ಸುಮ್ಮನಿರ್ರೀ ಮಾಸ್ತರ!" ಎಂದು ಕಿರುಚಿದೆ. ಚಾವಣಿಯ ಪಾರಿವಾಳಗಳು ಎದ್ದು ಹಾರಿದವು. "ಒಂಬತ್ತು ವರ್ಷ ಸುಮ್ಮನಿದ್ದೆ. ಇನ್ನ ಇರಾಂಗಿಲ್ಲ!"

ಆ ಸಿಟ್ಟು ಇಳಿಯುವ ಮೊದಲೇ ಪುಸ್ತಕಕ್ಕೆ ಕಣ್ಣು ಹಚ್ಚಿದೆ. ಬೈಗುಳದ ಹಿಂದೆಯೇ ಪಾಠ ಹೊರಬಿತ್ತು, ಅದೇ ದನಿಯಲ್ಲಿ. ಎತ್ತು ನೊಗ ಬೀಳಿಸಿ ಮಲಗಿದ್ದನ್ನು ಯಾರ ಮೇಲೋ ಕಚೇರಿಯಲ್ಲಿ ದೂರು ಹೇಳುವವಳ ಹಾಗೆ ಓದಿದೆ. ಮಾಸ್ತರು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಪೆಟ್ಟಿಗಾಗಿ ಕಾಯುತ್ತಿದ್ದರು. ಪೆಟ್ಟು ಬೀಳಲಿಲ್ಲ. ಜವಾನ ಕಂಬಕ್ಕೆ ಒರಗಿ ಎತ್ತಿನ ಕಥೆ ಕೇಳುತ್ತ ನಗುತ್ತಿದ್ದ.

ಪಾಠ ಮುಗಿಯಿತು. "ಯಾವ ಮಾಸ್ತರರಿಗೆ ಸುಮ್ಮನಿರಲು ಹೇಳಿದಿರಿ?" ಎಂದು ಸಾಹೇಬರು ಕೇಳಿದರು.

"ನನಗ ಕಲಿಸಿದವರಿಗೆ ರೀ. ತೀರಿಕೊಂಡಾರ."

ಅವರು ಪೆನ್ನು ತೆಗೆದರು. "ಯಾವ ಶಾಲೆ?"

"ಮಗ್ಗದ ಮನಿ. ಪರವಾನಗಿ ಇದ್ದಿಲ್ಲರಿ."

"ಹಾಗೆ ಬರೆಯಲು ಬರುವುದಿಲ್ಲವಲ್ಲ, ತಾಯಿ. ಖಾಸಗಿ ಓದು ಅಂತ ಹಾಕುತ್ತೇನೆ."

"ಬ್ಯಾಡ್ರಿ. ಬಸಲಿಂಗಯ್ಯ ಮಾಸ್ತರ ಸಾಲಿ ಅಂತ ಬರೀರಿ. ಬರಿಯೂದಿಲ್ಲಂದ್ರ ನನ್ನ ಹೆಸರೂ ಬರಿಬ್ಯಾಡ್ರಿ."

ಎಂಥ ದಾರ್ಷ್ಟ್ಯ ನನ್ನದು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಸಾಹೇಬರು ಬರೆದರು. ಓದಿ ಹೇಳಿದರು ಕೂಡ, ಹೆಸರು, ಊರು, ಶಾಲೆ, ಪಾಸು. ಮುಂದಿನ ತಿಂಗಳು ಶಾಲೆ ತೆರೆಯಬಹುದು ಎಂದರು.

ಮರುದಿನ ಗದ್ವಾಲಿನಿಂದ ಹೊರಬಿದ್ದು ಏರು ಹತ್ತಿದ ಮೇಲೆ ಮಾಸ್ತರು ನಿಂತರು. ಹಿಂದೆ ಕೋಟೆ ಕಾಣುತ್ತಿತ್ತು. ತಿರುಗಿ ಅತ್ತ ನೋಡಿದರು.

"ಖರೇನ ಹೋದರೇನು ನಿಜಾಮರ ಮಂದಿ?"

"ಹೋದರ್ರಿ, ಮಾಸ್ತರ."

"ಯಾವಾಗ ಹೋದರಂದಿ?"

"ನೀವು ಹೋಗಿ ಒಂದು ತಿಂಗಳಿಗೆ."

ಅವರು ಬೆರಳು ಮಡಿಸಿ ಎಣಿಸಿದರು. "ಒಂದು ತಿಂಗಳು," ಎಂದರು. "ಒಂದ ತಿಂಗಳು ತಡಕೋಬೇಕಿತ್ತು ನೋಡವ್ವ ನಾನು."

ನನಗೆ ದುಃಖ ಒತ್ತರಿಸಿ ಬಂತು. ರಸ್ತೆಯ ನಟ್ಟನಡುವೆ ನಿಂತು ಪುಸ್ತಕ ಬಿಚ್ಚಿದೆ. ಸೆರಗು ಸೊಂಟಕ್ಕೆ ಸಿಗಿಸಿ ಮೊದಲನೆಯ ಪಾಠದಿಂದ ಓದತೊಡಗಿದೆ. ಸಂತೆಗೆ ಹೊರಟವರು ಬಂಡಿ ನಿಲ್ಲಿಸಿ ನೋಡಿದರು. ನೋಡಲಿ ಎಂದು ಇನ್ನೂ ಗಟ್ಟಿಯಾಗಿ ಓದಿದೆ.