ಚಿಕ್ಕಮ್ಮನ ಅಂಗಡಿಯ ಕೆಂಪು

ಬೇಕರಿ ಕಂಪನಿಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಡ್ಯಾಶ್‌ಬೋರ್ಡ್ ಅಕ್ಕ ಎಂದೇ ಕರೆಯುತ್ತಿದ್ದರು. ಕಂಪನಿಯ ಅಂಗಡಿಗಳ ಅಂಕಿಅಂಶಗಳನ್ನು ಪರದೆಯ ಮೇಲೆ ಅಚ್ಚುಕಟ್ಟಾಗಿ ಕೂರಿಸುವುದು ಅವಳ ಕೆಲಸ. ಆಗುವುದಿಲ್ಲ ಎಂದು ಯಾರಾದರೂ ಅಂದರೆ ಸಾಕು, ಹಠ ಹಿಡಿದು ಮಾಡಿ ಮುಗಿಸುವ ಪೈಕಿ.

ಮಾಲೀಕರಿಗೋ ದಿನಕ್ಕೊಂದು ಹುಚ್ಚು. "ಅಂಗಡಿ ಹೆಸರು ಮೇಲಿರ್ಲಿ. ಮಾರಾಟ, ವಾಪಸ್ ಬಂದ ಬ್ರೆಡ್ಡು, ಹಾಳಾದ ಕೇಕು, ದೂರು, ಇವೆಲ್ಲಾ ಒಂದರ ಕೆಳಗೊಂದು ಬರ್ಲಿ" ಎಂದರು. ಲೆಕ್ಕ ಹಾಕಿ ತೆಗೆದ ಈ ಅಳತೆಗಳನ್ನು ಸಾಫ್ಟ್‌ವೇರು ಅಕ್ಕಪಕ್ಕವೇ ನಿಲ್ಲಿಸುತ್ತಿತ್ತು; ಜಪ್ಪಯ್ಯ ಅಂದರೂ ಅವು ಕೆಳಗಿಳಿಯುತ್ತಿರಲಿಲ್ಲ. ಅಕ್ಕ ಬಿಟ್ಟಾಳೆಯೇ? ಅಳತೆಗಳ ಹೆಸರಿಗೇ ಒಂದು ಪುಟ್ಟ ಟೇಬಲ್ ಮಾಡಿ, ಯಾವ ಹೆಸರಿನ ಎದುರು ಯಾವ ಲೆಕ್ಕ ಬರಬೇಕೆಂದು ಸೂತ್ರ ಬರೆದಳು. ಎಲ್ಲವೂ ಸಾಲಾಗಿ ಕೆಳಗಿಳಿದವು. ಹೆಚ್ಚಿದ್ದರೆ ಹಸಿರು, ಕಡಿಮೆಯಿದ್ದರೆ ಕೆಂಪು ಎಂದು ಇಡೀ ಟೇಬಲ್ಲಿಗೆ ಒಂದೇ ಏಟಿಗೆ ಬಣ್ಣ ಬಳಿದು ಕಾಫಿಗೆ ಹೋದಳು.

ಅಂಗಡಿ ನಡೆಸುವವರೆಲ್ಲರ ಸಭೆ ಸೇರಿತು. ಮಾಲೀಕರು ಅಂಕಿ ಓದುವವರಲ್ಲ, ಬಣ್ಣ ನೋಡುವವರು. ಒಂದು ಚಿಕ್ಕ ಅಂಗಡಿ ಮೇಲಿಂದ ಕೆಳಗಿನವರೆಗೆ ಕೆಂಪಾಗಿತ್ತು.

"ಇದನ್ನ ಮುಚ್ಚಿಬಿಡೋಣ" ಎಂದರು.

ಅದನ್ನು ನಡೆಸುತ್ತಿದ್ದವಳು ಅಕ್ಕನನ್ನು ಸಾಕಿ ಓದಿಸಿದ ಚಿಕ್ಕಮ್ಮ. ಕೊನೆಯ ಕುರ್ಚಿಯಲ್ಲಿ ಕೂತಿದ್ದ ಅವಳ ಮುಖ ಸಪ್ಪಗಾಯಿತು.

ಅಕ್ಕ ಪರದೆಯ ಸಾಲುಗಳನ್ನು ಮತ್ತೊಮ್ಮೆ ನೋಡಿದಳು. ಮಾರಾಟ ಕಡಿಮೆ, ಕೆಂಪಾದದ್ದು ಸರಿ. ಬ್ರೆಡ್ಡು ವಾಪಸ್ ಬರದಿದ್ದರೂ ಕೆಂಪೇ? ದೂರಿಲ್ಲದಿದ್ದರೂ ಕೆಂಪೇ? ರಾಶಿ ಕೇಕು ಹಾಳು ಮಾಡಿದ ಅಂಗಡಿಯವನು ಹಸಿರು ಬಣ್ಣಕ್ಕೆ ಚಪ್ಪಾಳೆ ಗಿಟ್ಟಿಸಿಕೊಂಡು ಬೀಗುತ್ತಿದ್ದ. ಈಗ ಬಾಯಿ ಬಿಟ್ಟರೆ ಚಿಕ್ಕಮ್ಮನ ಪರ ವಹಿಸಿದಳೆನ್ನುತ್ತಾರೆ. ಬಿಡದಿದ್ದರೆ ಚಿಕ್ಕಮ್ಮನ ಕೆಲಸ ಹೋಗುತ್ತದೆ. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುವಿ, ಎದ್ದು ನಿಂತಳು.

"ಸರ್, ತಪ್ಪು ನಂದು. ಕೆಳಗಿನ ಮೂರು ಸಾಲು ಕಡಿಮೆ ಇದ್ದಷ್ಟೂ ಒಳ್ಳೇದು. ಅಲ್ಲಿ ಬಣ್ಣ ಉಲ್ಟಾ ಆಗಿದೆ."

"ಅದು ನಿಮ್ಮ ಚಿಕ್ಕಮ್ಮನ ಅಂಗಡಿ ಅಲ್ವಾ?"

"ಹೌದು ಸರ್. ನನ್ನನ್ನ ನಂಬೋದು ಬೇಡ, ಅಂಕಿ ನೋಡಿ."

ಮಾಲೀಕರು ಕನ್ನಡಕ ಏರಿಸಿ, ಗೊಣಗುತ್ತಾ ಒಂದೊಂದೇ ಅಂಕಿ ಓದಿದರು. ಅಂಗಡಿ ಉಳಿಯಿತು. ಅಕ್ಕನಿಗೆ ಚೆನ್ನಾಗಿ ಮಂಗಳಾರತಿಯಾಯಿತು.

ಸಭೆ ಮುಗಿದ ಮೇಲೆ ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಚಿಕ್ಕಮ್ಮ ಮೆಲ್ಲಗೆ, "ನಾನು ಅಂತ ಎದ್ದು ನಿಂತ್ಯಾ?" ಎಂದಳು.

"ಇಲ್ಲ ಚಿಕ್ಕಮ್ಮ. ಬೇರೆಯವರಾಗಿದ್ರೆ ತಕ್ಷಣ ಎದ್ದಿರ್ತಿದ್ದೆ. ನೀನು ಅಂತಲೇ ತಡ ಆಯ್ತು."

ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ನಾಳೆ ಅಂಗಡಿಗೆ ತಲೆ ಎತ್ಕೊಂಡು ಹೋಗ್ಬಹುದು."