ಗಂಗವ್ವನ ಕಂಚಿನ ತಂಬಿಗೆ

ದೆವ್ವ, ಮಾಟ, ಮೈಮೇಲೆ ಬರುವುದು ಎಂದರೆ ನಗುತ್ತಿದ್ದವಳು ನಾನು. ಧಾರವಾಡದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಯಾವ ಹುಡುಗಿಯಾದರೂ ಹೆದರಿಕೆಯ ಕಥೆ ಹೇಳಿದಳೆಂದರೆ ಸಿಸ್ಟರು ಅವಳನ್ನು ಕರೆದು ಕೂಡಿಸಿ ಇಪ್ಪತ್ತು ಗುಂಡಿಯ ಕಾಜಾ ಹೊಲಿಸುತ್ತಿದ್ದರು. ಇಪ್ಪತ್ತು ಮುಗಿಯುವುದರೊಳಗೆ ಹೆದರಿಕೆಯೂ ಮುಗಿದಿರುತ್ತಿತ್ತು. ಮುಂದೆ ಮದುವೆಮನೆಗಳಲ್ಲಿ ಹೆಂಗಸರು ಅಂಥ ಸುದ್ದಿ ತೆಗೆದರೆ ನಾನು ಎದ್ದು ಅಡಿಗೆಯವರ ಕಡೆ ಹೋಗಿಬಿಡುತ್ತಿದ್ದೆ. ದೆವ್ವವನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಒಂದು ತಂಬಿಗೆಯ ವಿಷಯಕ್ಕೆ ಬಂದರೆ ನನಗೆ ಹಾಗೆ ನಗಲಿಕ್ಕೆ ಆಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ನಮ್ಮವರದು ಎಣ್ಣೆ ಎಂಜಿನ್ನು ರಿಪೇರಿಯ ಕೆಲಸ. ಹಿಟ್ಟಿನ ಗಿರಣಿ, ನೀರೆತ್ತುವ ಪಂಪು, ಯಾವ ಊರಲ್ಲಿ ಕೆಟ್ಟು ನಿಂತರೂ ಇವರಿಗೆ ಕರೆ. ಒಂದು ಹಳೆಯ ಸರ್ವಿಸ್ ಮೋಟಾರು ಕೊಂಡು, ಅದರ ಸೀಟು ಕಿತ್ತು ಹಾಕಿ, ಒಂದು ಕಡೆ ಹಲಗೆಯ ಮಂಚ, ಮೂಲೆಗೆ ಒಂದು ಸ್ಟೋವು, ಒಂದು ಸಣ್ಣ ಕಪಾಟು ಮಾಡಿಸಿದ್ದರು. ಉಳಿದ ಜಾಗವೆಲ್ಲ ಪಾನಾ, ಸುತ್ತಿಗೆ, ಗ್ರೀಸಿನ ಡಬ್ಬಿಗಳದು. ಅದೇ ನಮ್ಮ ಮನೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಹೀಗೆ ತಿರುಗಿದ್ದೇ ತಿರುಗಿದ್ದು. "ಒಂದ ಸುಗ್ಗಿ ಹಿಂಗ ತಿರುಗೂಣು, ಆಮ್ಯಾಲ ಮನಿ ಮಾಡೂಣು" ಎಂದು ಮದುವೆಯಾದ ಹೊಸದರಲ್ಲಿ ಹೇಳಿದ್ದರು. ನಾನು ಹೇಳುತ್ತಿರುವುದು ಮೂರನೆಯ ಸುಗ್ಗಿಯ ಮಾತು.

ನೋಡಿದವರು ಹೊಟ್ಟೆಕಿಚ್ಚು ಪಡುತ್ತಿದ್ದರು. ದಿನಕ್ಕೊಂದು ಊರು, ಊರಿಗೊಂದು ಗುಡಿ, ಗುಡಿಗಿಬ್ಬರು ಗೆಳತಿಯರು, ನಿಮಗೇನು ಕಡಿಮೆ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಅಳು ಬರುತ್ತಿತ್ತು. ಮೋಟಾರಿಗೆ ಹೊಸ್ತಿಲಿಲ್ಲ. ಮೆಟ್ಟಿಲ ಕೆಳಗಿನ ನೆಲಕ್ಕೆ ನೀರು ಹಾಕಿ ರಂಗೋಲಿ ಎಳೆದರೆ, ನಮ್ಮದೇ ಗಾಲಿ ಅದನ್ನು ತುಳಿದು ಹೋಗುತ್ತಿತ್ತು. ಗೋಡೆಗೆ ಹೊಡೆದ ಮೊಳೆ ಎರಡು ದಿನದಲ್ಲಿ ಅಲುಗಾಡಿ ಬೀಳುತ್ತಿತ್ತು. ಸಾರಿನ ಪಾತ್ರೆ ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ.

ಅದರ ಮೇಲೆ ಆ ಗ್ಯಾಸು. ಪೆಟ್ರೋಲು ಚೀಟಿಯ ಮೇಲೆ ನಾಲ್ಕು ಹನಿ ಸಿಗುವ ಕಾಲ. ಆದ್ದರಿಂದ ಮೋಟಾರಿನ ಬೆನ್ನಿಗೆ ಹಂಡೆಯಂಥ ಒಂದು ಡ್ರಮ್ಮು ಕಟ್ಟಿಸಿ, ಅದರಲ್ಲಿ ಇದ್ದಿಲು ಸುಟ್ಟು, ಆ ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಹೊರಡುವ ಮುಂಚೆ ಅರ್ಧ ತಾಸು ಕೈಪಂಕ ತಿರುಗಿಸಬೇಕು. ತಿರುಗಿಸುವವಳು ನಾನು. ಕಾನ್ವೆಂಟಿನಲ್ಲಿ ಪಿಯಾನೋ ಕಲಿತ ಬೆರಳ ಸಂದಿಯಲ್ಲೆಲ್ಲ ಮಸಿ. ಗ್ಯಾಸು ಒಮ್ಮೆ ಹದಕ್ಕೆ ಬಂತೆಂದರೆ ಆ ಕ್ಷಣವೇ ಹೊರಡಬೇಕು. ತಡವಾದರೆ ಬೆಂಕಿ ಮಂದವಾಗಿ ಮತ್ತೆ ಮೊದಲಿನಿಂದ. ಯಾರಿಗೂ ಸರಿಯಾಗಿ ಹೋಗಿ ಬರುತ್ತೇನೆಂದು ಹೇಳಲಿಕ್ಕೆ ನನಗೆ ಆಗುತ್ತಲೇ ಇರಲಿಲ್ಲ. ತಂಬಿಗೆಯ ತಪ್ಪು ಆದದ್ದೂ ಹೀಗೆಯೇ.

ಹಾನಗಲ್ಲಿನಲ್ಲಿ ತಾರಕೇಶ್ವರನ ಗುಡಿಯ ಚಾವಣಿಯಲ್ಲಿ ಕಲ್ಲಿನ ದೊಡ್ಡ ಕಮಲವಿದೆಯಲ್ಲ, ಅದನ್ನು ನಾನು ಕತ್ತೆತ್ತಿ ನೋಡುತ್ತ ನಿಂತಿದ್ದೆ. "ಬಾಯಾರ, ಹಿಂಗ ನೋಡಿದ್ರ ಕುತ್ತಿಗಿ ಉಳುಕತೈತ್ರಿ. ನನ್ನಂಗ ಅಂಗಾತ ಮಲಗಿ ನೋಡ್ರಿ" ಎಂದು ನೆಲದಿಂದ ಧ್ವನಿ ಬಂತು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳಾದ ಒಬ್ಬ ಹೆಂಗಸು ತಂಪು ಕಲ್ಲಿನ ಮೇಲೆ ಆರಾಮಾಗಿ ಮಲಗಿದ್ದಳು. ಆಕೆಯೇ ಗಂಗವ್ವ. ನಾನೂ ಆಕೆಯ ಪಕ್ಕದಲ್ಲಿ ಮಲಗಿದೆ. ಕಮಲದ ಒಂದೊಂದು ಸುತ್ತನ್ನೂ ಎಣಿಸುತ್ತ ಇಬ್ಬರೂ ನಕ್ಕೆವು. ಅಲ್ಲಿಂದ ಮೂರು ದಿನ ನಾನು ಆಕೆಯ ಮನೆಯಲ್ಲೇ ಕಳೆದೆ. "ಬಾಯಾರ" ಹೋಗಿ "ತಂಗಿ" ಬಂತು. ನಾಲ್ಕನೆಯ ದಿನ ಬೆಳಿಗ್ಗೆ ಗಂಗವ್ವ ಮೋಟಾರಿನ ಹತ್ತಿರ ಬಂದು, ಕಂಚಿನ ತಂಬಿಗೆಯ ತುಂಬ ಗೋದಿ ಹುಗ್ಗಿ ಕೊಟ್ಟು, "ಎಮ್ಮಿ ಬಿಟ್ಟು ಬರ್ತೇನಿ, ಇರು" ಎಂದು ಹೋದಳು. ಆಗಲೇ ಗ್ಯಾಸು ಹದಕ್ಕೆ ಬರಬೇಕೇ? "ಮಹಾರಾಣಿಯವರು ಹತ್ತಬೇಕು" ಎಂದು ನಮ್ಮವರು ಹಾರ್ನು ಒತ್ತಿದರು. ಹೋಗಿಯೇಬಿಟ್ಟೆವು. ತಂಬಿಗೆ ನನ್ನ ತೊಡೆಯ ಮೇಲೆಯೇ ಉಳಿಯಿತು. ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಆಕೆಯ ಹೆಸರು ಕೊರೆದಿತ್ತು.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಒಬ್ಬರ ಮನೆಯಿಂದ ಬಂದ ಪಾತ್ರೆಯನ್ನು ತಿರುಗಿ ಕೊಡಬೇಕು, ಅದೂ ಬರಿದಾಗಿ ಕೊಡಬಾರದು. ಸಕ್ಕರೆಯೋ ಕಾಳೋ ಏನಾದರೂ ಹಾಕಿ ಕೊಡಬೇಕು. ನಾನು ಹಾನಗಲ್ಲಿಗೆ ಹೋಗೋಣ ಎಂದಾಗಲೆಲ್ಲ ನಮ್ಮವರದು ಒಂದೇ ಉತ್ತರ: "ಮುಂದಿನ ಸುತ್ತಿನ್ಯಾಗ." ಶಿಗ್ಗಾಂವಿಯಲ್ಲಿ ತಂಬಿಗೆ ತೊಳೆದು ನೀರು ತುಂಬಿದರೆ ತಳದಲ್ಲಿ ತೊಟ್ಟಿಕ್ಕಿತು. ದಪ್ಪ ಹುಗ್ಗಿಯಿದ್ದಾಗ ತಿಳಿದಿರಲಿಲ್ಲ. ನಮ್ಮವರು ಹುಣಸೆಬೀಜದಷ್ಟು ಬೆಸುಗೆ ಹಾಕಿ, ಅದರ ಅಂಚಿಗೆ ಅರದಿಂದ ಮೂರು ಗೀರು ಎಳೆದರು. ಅದು ಅವರ ಪದ್ಧತಿ. ತಾವು ಮಾಡಿದ ಕೆಲಸಕ್ಕೆಲ್ಲ ಒಂದು ದೊಡ್ಡದು, ಎರಡು ಸಣ್ಣದು, ಹೀಗೆ ಮೂರು ಗೀರು. ನಾಳೆ ಯಾರಾದರೂ ತಕರಾರು ತಂದರೆ ತಮ್ಮದು ಹೌದೋ ಅಲ್ಲವೋ ನೋಡಲಿಕ್ಕೆ.

ಸವಣೂರಿಗೆ ಬಂದ ಮೇಲೆ, ಸೋಮವಾರ ಮಧ್ಯಾಹ್ನ ಖಂಡಿತ ಹಾನಗಲ್ಲಿಗೆ ಹೋಗಿ ಬರೋಣ ಎಂದು ಮಾತು ಕೊಟ್ಟರು. ಸವಣೂರಿನ ದೊಡ್ಡಹುಣಸೆ ಮರಗಳನ್ನು ನೋಡಲು ಹೋದಾಗ ನನಗೆ ಮಾಬೂಬಿ ಎಂಬ ವೀಳ್ಯದೆಲೆ ಮಾರುವವಳ ಗುರುತಾಗಿತ್ತು. ಆನೆಯ ಮೈಯಂಥ ಆ ಬೊಡ್ಡೆಗಳ ಬಳಿ ಕೂತು ಆಕೆ ಎಲೆ ಜೋಡಿಸುತ್ತಿದ್ದಳು. ಸೋಮವಾರ ಊಟವಾದೊಡನೆ ಅಲ್ಲಿಗೆ ಹೋಗಿ, ತಂಬಿಗೆಯಲ್ಲಿ ಎರಡು ಬೆರಳು ನೀರು ಹಾಕಿ, ಆಕೆ ಆರಿಸಿ ಕೊಟ್ಟ ಎಳೆಯ ಎಲೆಗಳನ್ನು ನಿಲ್ಲಿಸಿಕೊಂಡು, ಬೊಡ್ಡೆಗೆ ಒರಗಿ ಕೂತೆ. "ಇವತ್ತ ಮುಟ್ಟಸ್ರಿ ಬಾಯಾರ, ಎಲಿ ಭಾಳ ಎಳೀವು, ತಡಿಯಂಗಿಲ್ಲ" ಎಂದಳು.

ನಮ್ಮವರು ಮೂರಕ್ಕೆ ಬರಲಿಲ್ಲ, ನಾಲ್ಕಕ್ಕೂ ಬರಲಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅಷ್ಟು ಸಿಟ್ಟು ಜೀವನದಲ್ಲಿ ಮತ್ತೆ ಬಂದಿಲ್ಲ. ಗಂಗವ್ವನ ಮನೆಯ ಹೊಸ್ತಿಲು, ಅದರ ಮೇಲಿನ ಅರಿಶಿನ, ಆಚೆ ಎಮ್ಮೆ ಕಟ್ಟುವ ಗೂಟ, ಎಲ್ಲ ಕಣ್ಣ ಮುಂದೆ ಬರುತ್ತಿತ್ತು. ಹೋಗಿ ಅಲ್ಲಿ ಕೂತರೆ ಏಳುವುದೇ ಇಲ್ಲ ಎಂದುಕೊಂಡೆ. ನೆನಪಿರುವುದು ಇಷ್ಟೇ. ಮಾಬೂಬಿ ಭುಜ ಅಲುಗಿಸಿದಾಗ ಹೊತ್ತು ಮುಳುಗುತ್ತಿತ್ತು. "ಎಷ್ಟ ಸರ್ತಿ ಮಾತಾಡಿಸಿದೆ, ಕಣ್ಣ ತೆರಕೊಂಡ ಕುಂತೀರಿ, ಹೂಂ ಅನ್ನಾಕ ತಯಾರಿಲ್ಲ. ಆರಾಮ ಅದೀರಿಲ್ಲೋ?" ಎಂದಳು. ನಾನು ಸಿಟ್ಟಿನಲ್ಲಿದ್ದೆ ಎಂದೆ. ಅಷ್ಟರಲ್ಲಿ ನಮ್ಮವರು ಬಂದರು. ಹಿರೇಕೆರೂರಿನಿಂದ ತಂತಿ ಬಂದಿದೆ, ಬೆಳಗಾದರೆ ಅಲ್ಲಿಗೆ ಎಂದರು. ಹಾನಗಲ್ಲು ಒಂದು ಕಡೆ, ಹಿರೇಕೆರೂರು ಇನ್ನೊಂದು ಕಡೆ. ಸಿಸ್ಟರು ಕಲಿಸಿದ ಅಭ್ಯಾಸದಂತೆ ದಿನಚರಿಯ ವಹಿಯಲ್ಲಿ, "ಸೋಮವಾರ. ಸವಣೂರು. ಎಲೆ ತಂದೆ. ಹೋಗಲಿಲ್ಲ" ಎಂದು ಬರೆದೆ. ಎಲೆಗಳು ದಾರಿಯಲ್ಲಿ ಕಪ್ಪಾದವು. ರಟ್ಟೀಹಳ್ಳಿಯಲ್ಲಿ ಮೋಟಾರಿನ ಕಿಟಕಿಯಿಂದ ನನ್ನ ಕೈಯಾರೆ ಚೆಲ್ಲಿದೆ. ಅಲ್ಲಿನ ಕದಂಬೇಶ್ವರನ ಗುಡಿಗೆ ನಮ್ಮವರು ಕರೆದರೂ ಇಳಿಯಲಿಲ್ಲ.

ಹಿರೇಕೆರೂರಿನ ಕೆಲಸ ತಿಂಗಳು ಹಿಡಿಯಿತು. ಅದು ಮುಗಿದ ಮೇಲೆ ಒಂದು ಮಧ್ಯಾಹ್ನ ಅಂತೂ ಹಾನಗಲ್ಲು ತಲುಪಿದೆವು. ತಂಬಿಗೆಯ ತುಂಬ ಬೆಲ್ಲ ಹಾಕಿಕೊಂಡು, ತಡವಾದದ್ದಕ್ಕೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಗಂಗವ್ವನ ಬಾಗಿಲಿಗೆ ಹೋದೆ. ನಮ್ಮವರೂ ಹಿಂದೆಯೇ ಬಂದರು.

"ಬಂದ್ರೇನು? ಒಂದ ವಾರ ಅಂದಾಕಿ ತಿಂಗಳ ಮಾಡಿದೆಲ್ಲ ತಂಗಿ. ಸುಣ್ಣ ಹಚ್ಚಿಸಿ ಮನಿ ಕಾದು ಕುಂತೈತಿ" ಎಂದಳು ಗಂಗವ್ವ. ಆಮೇಲೆ ನನ್ನ ಕೈಯಲ್ಲಿದ್ದುದನ್ನು ನೋಡಿ, "ಇದ್ಯಾರದು?" ಎಂದಳು.

ನಿಮ್ಮದೇ ತಂಬಿಗೆ, ತಿರುಗಿ ಕೊಡಲಿಕ್ಕೆ ತಂದೆ ಎಂದೆ. ಆಕೆ ನಕ್ಕಳು. "ನಂದು ಅವತ್ತ ಕೊಟ್ಟೆಲ್ಲ. ಸವಣೂರ ಎಲಿ ತುಂಬಿಸ್ಕೊಂಡು. ನಾಕ ದಿನ ತಿಂದ್ವಿ, ಏನ ಎಳೀ ಎಲಿ." ಅಟ್ಟಣಿಗೆಯ ಕಡೆ ಕೈ ತೋರಿಸಿದಳು. ಅಲ್ಲಿ, ಕಂಠದ ಮೇಲೆ ಚುಕ್ಕಿಯ ಹೆಸರಿದ್ದ ಕಂಚಿನ ತಂಬಿಗೆ ಇತ್ತು.

ಯಾವ ದಿನ ಎಂದು ಕೇಳಿದೆ. ಅಮಾವಾಸ್ಯೆಯ ಹಿಂದಿನ ಸೋಮವಾರ ಎಂದಳು. ನಾನು ಸವಣೂರಿನಲ್ಲಿ ಎಲೆ ಹಿಡಿದು ಕೂತಿದ್ದ ಅದೇ ಸೋಮವಾರ. ಯಾವ ಗಾಡಿಯಲ್ಲಿ ಬಂದಿದ್ದೆ ಎಂದರೆ, "ಅದನ್ನ ನೀ ಹೇಳಬೇಕು. ನಾ ಎಮ್ಮಿ ಕಟ್ಟಾಕತ್ತಿದ್ದೆ, ತಿರುಗಿ ನೋಡಿದ್ರ ಹೊಸ್ತಿಲ ಮ್ಯಾಲ ಕುಂತಿ. ಹೊಸ್ತಿಲ ಮ್ಯಾಲ ಕುಂದರಬಾರದ ಏಳು ಅಂದ್ರ ಒಲ್ಲೆ ಅಂದಿ. ನನಗ ಈ ಮೋಟಾರ ಸಾಕಾಗೇತಿ, ಒಂದ ಮನಿ ನೋಡ್ರಿ ಅಂತ ಅತ್ತಿ. ನಮ್ಮ ಮೈದುನನ ಮನಿ ಖಾಲಿ ಐತಿ ಅಂದೆ. ಹೊತ್ತ ಮುಳುಗೂತನಕ ಕುಂತಿ. ದೀಪ ತರಾಕ ಒಳಗ ಹೋಗಿ ಬರೂದ್ರಾಗ ಎದ್ದು ಹೋಗಿದ್ದಿ. ಹೋಗಿ ಬರ್ತೇನಿ ಅನ್ನೂ ಪದ್ಧತಿ ನಿನಗ ಮೊದಲಿಂದನೂ ಇಲ್ಲ ಬಿಡು."

ನಾನು ನಮ್ಮವರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿದ್ದ ರೀತಿಯನ್ನು ಹೇಗೆ ಬರೆಯಲಿ? ಸಿಟ್ಟಿರಲಿಲ್ಲ, ನೋವಿತ್ತು. "ನನಗ ಹೇಳಿದ್ರ ನಾ ಬ್ಯಾಡ ಅಂತಿದ್ನೇನು? ಕದ್ದು ಯಾಕ ಬರಬೇಕಿತ್ತು?" ಎಂದರು. ನಾನು ಬಂದಿಲ್ಲ ಎಂದೆ. "ಮತ್ತ ಇಕಿ ಸುಳ್ಳ ಹೇಳತಾಳೇನು?" ಎಂದರು. ನಾನು ಮೋಟಾರಿಗೆ ಓಡಿ ಹೋಗಿ ದಿನಚರಿಯ ವಹಿ ತಂದು ತೋರಿಸಿದೆ. ಅವರು ಓದಿ ಮಡಚಿ ಕೊಟ್ಟರು. ಬರೆದವಳು ನಾನೇ ಅಲ್ಲವೇ, ಅದನ್ನು ಯಾರು ನಂಬಬೇಕು? ಮೂವತ್ತು ಮೈಲಿ ದಾರಿ, ಊಟವಾದ ಮೇಲೆ ಹೊರಟು ಇಲ್ಲಿಗೆ ಬಂದು, ದೀಪ ಹಚ್ಚುವ ಹೊತ್ತಿಗೆ ಮತ್ತೆ ಸವಣೂರಿನ ಮರದ ಕೆಳಗೆ ನಿಮಗೇ ಸಿಕ್ಕೆನಲ್ಲ, ಹೇಗೆ ಸಾಧ್ಯ ಎಂದೆ. ಯಾರದಾದರೂ ಮೋಟಾರು ಸಿಕ್ಕಿರಬೇಕು ಎಂದರು. ಮಾಬೂಬಿಯನ್ನು ಕೇಳಿ ಎಂದರೆ, ಆಕೆ ನಿನ್ನ ಗೆಳತಿ ಎಂದರು. ಮೂರು ವರ್ಷ ಆ ಡಬ್ಬಿಯಲ್ಲಿ ಮಸಿ ತಿಂದು ಬದುಕಿದ್ದಕ್ಕೆ ಇದೇ ಫಲವೇ ಎನ್ನಿಸಿತು. ಮಾಡದ ತಪ್ಪಿಗೆ ಏನೆಂದು ಕ್ಷಮೆ ಕೇಳಬೇಕು? ಕೇಳದಿದ್ದರೆ ಇನ್ನು ಮುಂದೆ ಇವರು ನನ್ನ ಯಾವ ಮಾತನ್ನು ನಂಬುತ್ತಾರೆ?

ಗಂಗವ್ವನಿಗೆ ನಮ್ಮ ಜಗಳ ಅರ್ಥವಾಗಲಿಲ್ಲ. "ಎರಡ ತಂಬಿಗಿ ಇಟ್ಕೊಂಡು ಜಗಳ ಆಡಾಕತ್ತೀರೆಲ್ಲ" ಎಂದು ಅಟ್ಟಣಿಗೆಯ ಮೇಲಿನದನ್ನು ಇಳಿಸಿ ನಮ್ಮವರ ಕೈಗೆ ಕೊಟ್ಟು, "ಭಾಳ ದಿನದಿಂದ ಸೋರತಿತ್ತು, ಅದನ್ನೂ ಬೆಸಿಗಿ ಹಚ್ಚಿಸಿಕೊಂಡ ಬಂದಿದ್ಳು" ಎಂದಳು.

ನಮ್ಮವರು ತಂಬಿಗೆಯನ್ನು ಬೋರಲು ಮಾಡಿದರು. ಬಾಗಿಲ ಬೆಳಕಿಗೆ ಹಿಡಿದರು. ಹೆಬ್ಬೆರಳಿನಿಂದ ತಳವನ್ನು ಸವರಿದರು. ಆಮೇಲೆ ನನ್ನ ಕೈಯಿಂದ ಬೆಲ್ಲದ ತಂಬಿಗೆ ತೆಗೆದುಕೊಂಡು, ಬೆಲ್ಲವನ್ನು ಗಂಗವ್ವನ ಮೊರಕ್ಕೆ ಸುರಿದು, ಅದನ್ನೂ ಬೋರಲು ಮಾಡಿದರು. ಎರಡರಲ್ಲೂ ಹುಣಸೆಬೀಜದಷ್ಟು ಬೆಸುಗೆ. ಎರಡರ ಅಂಚಿನಲ್ಲೂ ಮೂರು ಗೀರು, ಒಂದು ದೊಡ್ಡದು, ಎರಡು ಸಣ್ಣದು. ನಮ್ಮವರು ಉಗುರಿನಿಂದ ಒಂದೊಂದು ಗೀರನ್ನೂ ಮುಟ್ಟಿ ನೋಡಿದರು. "ನಾ ಒಂದ ಮಾಡೇನಿ" ಎಂದರು ಕೊನೆಗೆ, ಮೆಲ್ಲಗೆ, ತಮ್ಮಷ್ಟಕ್ಕೆ. ಇನ್ನೊಮ್ಮೆ ಎರಡನ್ನೂ ನೋಡಿ, ನೆಲಕ್ಕಿಟ್ಟು, ಗಂಗವ್ವನಿಗೆ, "ಆ ಮನಿ ಕೀಲಿ ಎಲ್ಲೈತ್ರಿ?" ಎಂದು ಕೇಳಿದರು.

ಹೀಗೆ ನಮ್ಮದೊಂದು ಮನೆಯಾಯಿತು. ಅವರು ಮೋಟಾರಿನಲ್ಲಿ ತಿರುಗುತ್ತಿದ್ದರು, ಕೆಲಸ ಮುಗಿದಾಗ ಮನೆಗೆ ಬರುತ್ತಿದ್ದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಾನು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು, ಹಿಂದೆ ನಾನು ಅಡಿಗೆಯವರ ಕಡೆ ಹೋಗುತ್ತಿದ್ದಂತೆ. ಗಂಗವ್ವ ಒಂದು ತಂಬಿಗೆಯನ್ನು ನನಗೇ ಇಟ್ಟುಕೋ ಎಂದಳು. ಬಸಿರಿಯಾಗಿದ್ದ ನನ್ನ ಮಗಳಿಗೆ ಕುಬಸ ಮಾಡಿದ ದಿನ ಅವೆರಡೂ ಅಡಿಗೆಯ ಗದ್ದಲದಲ್ಲಿ ಬೆರೆತುಹೋದವು. ಯಾವುದು ನನ್ನ ತೊಡೆಯ ಮೇಲೆ ಉಳಿದದ್ದು, ಯಾವುದು ಎಲೆ ತುಂಬಿಕೊಂಡು ಬಂದದ್ದು, ಈಗ ಯಾರಿಗೂ ತಿಳಿಯದು.

ನನಗೆ ಸಿಟ್ಟು ಬರುವುದು ಎಲ್ಲಿ ಎಂದರೆ, ನನ್ನ ಜೊತೆ ಸೇರಿ ಆಶ್ಚರ್ಯಪಡುವವರು ಒಬ್ಬರೂ ಇಲ್ಲ. ಗಂಗವ್ವನ ಪ್ರಕಾರ ಅದರಲ್ಲಿ ವಿಚಿತ್ರವೇ ಇಲ್ಲ. ನಾನು ಬಂದಿದ್ದೆ, ಮರೆತಿದ್ದೇನೆ, ಓದಿದವರಿಗೆ ಮರೆವು ಜಾಸ್ತಿ. ಆಕೆಗೀಗ ಕಣ್ಣು ಮಂಜಾಗಿವೆ. ಸಂಜೆ ನಮ್ಮ ಮನೆಗೆ ಬಂದಾಗ, ನಾನು ಒಳಗೆ ಒಲೆಯ ಮುಂದೆ ಇದ್ದರೂ, ಬಾಗಿಲಲ್ಲಿ ನಿಂತು ಕೆಳಗೆ ನೋಡಿ, "ಏಳ ತಂಗಿ, ಹೊಸ್ತಿಲ ಮ್ಯಾಲ ಕುಂದರಬ್ಯಾಡಂತ ಎಷ್ಟ ಸರ್ತಿ ಹೇಳಲಿ" ಎಂದು ಗದರಿಸುತ್ತಾಳೆ. ಈ ಮನೆಗೆ ಬಂದ ಮೇಲೆ ನಾನು ಒಂದು ದಿನವೂ ಹೊಸ್ತಿಲ ಮೇಲೆ ಕೂತಿಲ್ಲ. ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನೋಡುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ. ಆದರೆ ಗಂಗವ್ವ ಹೊಸ್ತಿಲ ಒಂದು ಪಕ್ಕಕ್ಕೆ ಸರಿದು, ಯಾರಿಗೋ ಕಾಲು ತಾಕದಂತೆ, ಜಾಗ ಬಿಟ್ಟು ಒಳಗೆ ಬರುತ್ತಾಳೆ.