ನಾಯಿಗೆ ಅಂಜುತ್ತಿದ್ದ ಪದ್ಮಾ ಮಾವಶಿ

ಪದ್ಮಾ ಮಾವಶಿಯ ಸೆರಗಿನ ತುದಿಗೆ ಯಾವಾಗಲೂ ಒಂದು ಗಂಟು ಇರುತ್ತಿತ್ತು. ಗಂಟಿನೊಳಗೆ ಅಡಿಕೆಯಷ್ಟು ಗಾತ್ರದ ಬೆಲ್ಲದ ಚೂರು. ಮೈಯಲ್ಲಿ ಸಕ್ಕರೆ ಕಾಯಿಲೆ, ಸೆರಗಿನಲ್ಲಿ ಬೆಲ್ಲ, ಇದೆಂಥಾ ಪಥ್ಯ ಅಂತ ಓಣಿಯವರು ನಗುತ್ತಿದ್ದರು. ಸಕ್ಕರೆ ಒಮ್ಮೆಲೇ ಇಳಿದರೆ ಬಾಯಿಗೆ ಹಾಕಿಕೊಳ್ಳಿ ಅಂತ ಡಾಕ್ಟರೇ ಹೇಳಿ ಕಟ್ಟಿಸಿದ ಗಂಟು ಅದು. ಆದರೆ ಮಾವಶಿ ಜೈನರು. ಹೊತ್ತು ಮುಳುಗಿದ ಮೇಲೆ ಮರುದಿನ ಹೊತ್ತು ಹುಟ್ಟುವವರೆಗೆ ಒಂದು ಹನಿ ನೀರೂ ಮುಟ್ಟುವವರಲ್ಲ. ನಸುಕಿನಲ್ಲಿ ಸಕ್ಕರೆ ಇಳಿದರೆ ಏನು ಮಾಡ್ತೀರಿ ಅಂತ ನಾನು ಕೇಳಿದರೆ, ಸೂರ್ಯ ಬರೂತನಕ ತಡೀತೈತಿ ಬಿಡು, ಅದಕ್ಕೂ ಬುದ್ಧಿ ಐತಿ ಅನ್ನುತ್ತಿದ್ದರು.

ಮರಾಠಿ ಸೀಮೆಯ ಇಚಲಕರಂಜಿಯ ನಮ್ಮ ಓಣಿಯಲ್ಲಿ ಅವರದು ಹಿಟ್ಟಿನ ಗಿರಣಿ. ಮಾವಶಿ ಅಂದರೆ ಚಿಕ್ಕಮ್ಮ, ಓಣಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಹುಬ್ಬು, ರೆಪ್ಪೆ, ಕಿವಿಯ ಸಂದಿಗೆಲ್ಲ ಜೋಳದ ಹಿಟ್ಟು. ತವರು ಉದಗಾಂವ, ಒಕ್ಕಲುತನದ ಮನೆ, ದನಿ ಹೊಲದ ಈ ತುದಿಯಿಂದ ಆ ತುದಿಗೆ ಕೇಳುವಂಥದ್ದು. ನಮ್ಮ ಜೊತೆ ಕನ್ನಡ, ಗಿರಾಕಿಗಳ ಜೊತೆ ಮರಾಠಿ, ಸಿಟ್ಟು ಬಂದರೆ ಎರಡೂ ಕೂಡಿ ಬರುತ್ತಿದ್ದವು.

ನಾವು ರಬಕವಿ ಕಡೆಯಿಂದ ಮಗ್ಗದ ಬೆನ್ನು ಹತ್ತಿ ಬಂದ ನೇಕಾರರು. ಅಜ್ಜ, ಅಪ್ಪ ಇಬ್ಬರೂ ನಿಂತೇ ದುಡಿದರು. ನಾನು ಮಾತ್ರ ಬಟ್ಟೆ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಕುರ್ಚಿ ಹಿಡಿದೆ. ಕೂತಲ್ಲೇ ಮೈ ಬಂತು, ಮೈಯ ಹಿಂದೆ ಬಿ.ಪಿ. ಬಂತು. ಕೆಲಸಕ್ಕೆ ಹೋಗುವ ಮೊದಲು ದಿನಾ ಮುಂಜಾನೆ ನಡೆಯಲೇಬೇಕು, ಬರೀ ಗುಳಿಗೆಯಿಂದ ಇದು ಹಿಡಿತಕ್ಕೆ ಬರುವುದಿಲ್ಲ ಅಂತ ಡಾಕ್ಟರು ಮುಖ ಗಂಟಿಕ್ಕಿ ಹೇಳಿದರು.

ಹೇಳುವುದೇನು, ಹೇಳಿದರು. ನಮ್ಮಣ್ಣ ಸತ್ತದ್ದೇ ಮುಂಜಾನೆಯ ವ್ಯಾಯಾಮದಲ್ಲಿ. ಕೊಲ್ಹಾಪುರದಲ್ಲಿ ಅವನ ನೌಕರಿ. ದಿನಾ ರಂಕಾಳಾ ಕೆರೆಯ ದಂಡೆಗೆ ಓಡಲು ಹೋಗುತ್ತಿದ್ದ. ಒಂದು ದಿನ ಹೋದವನು ತಿರುಗಿ ಬರಲಿಲ್ಲ, ಫೋನು ಬಂತು. ನಲವತ್ತೂ ತುಂಬಿರಲಿಲ್ಲ. ಅವತ್ತಿನಿಂದ ನನ್ನದು ಅತ್ತ ದರಿ ಇತ್ತ ಪುಲಿ. ನಡೆಯದಿದ್ದರೆ ಬಿ.ಪಿ. ಕೊಲ್ಲುತ್ತದೆ, ನಡೆದರೆ ಎದೆ ಒಡೆಯುತ್ತದೆ. ನನ್ನ ಗಂಡ ಪಾಪ ಒಳ್ಳೆಯ ಬೂಟು ತಂದುಕೊಟ್ಟ. ಅದು ಕಪಾಟಿನ ಮೇಲೆ ಕೂತಿತು. ವಾರಕ್ಕೊಮ್ಮೆ ಅದರ ಧೂಳು ಒರೆಸುವುದಷ್ಟೇ ನನ್ನ ವ್ಯಾಯಾಮ.

ನಮ್ಮೂರಲ್ಲಿ ಹಗಲೂ ರಾತ್ರಿ ಮಗ್ಗದ ಸದ್ದು. ಹೊಸಬರಿಗೆ ಕಣ್ಣು ಹತ್ತುವುದಿಲ್ಲ, ನನಗೆ ಅದೇ ಜೋಗುಳ. ಸೂಟಿಯ ದಿನ ಮಗ್ಗ ನಿಂತರೆ ಮಾತ್ರ ನನ್ನ ಎದೆಯ ಬಡಿತ ನನಗೇ ಕೇಳುತ್ತಿತ್ತು. ಈಗ ತಪ್ಪೀತು, ಈಗ ನಿಂತೀತು ಅಂತ ಎದೆಯ ಮೇಲೆ ಕೈಯಿಟ್ಟುಕೊಂಡು ನಸುಕಿನವರೆಗೂ ಬಿದ್ದಿರುತ್ತಿದ್ದೆ. ಗಂಡ ಏಳು ಅಂದರೆ ಸಿಟ್ಟು, ಮಲಗು ಅಂದರೆ ಅಳು.

ಒಂದು ಸಂಜೆ ಗಿರಣಿಯಲ್ಲಿ ಜೋಳ ಬೀಸಿಸುತ್ತ ನಿಂತಾಗ ಇದನ್ನೆಲ್ಲ ಮಾವಶಿಯ ಮುಂದೆ ಹೇಳಿಕೊಂಡೆ. ಅವರು ಹಿಟ್ಟು ತೂಗಿ ಕೊಟ್ಟರು. ಮರುದಿನ ಕತ್ತಲಿರುವಾಗಲೇ ನಮ್ಮ ಕಿಟಕಿಯ ಹೊರಗೆ ಯಾರೋ ಕೆಮ್ಮಿದ ಸದ್ದು. ನೋಡಿದರೆ ಮಾವಶಿ. ತಲೆಗೆ ಮಫ್ಲರು, ಸೀರೆಯ ಮೇಲೆ ಅಳಿಯನ ಹಳೆಯ ಸ್ವೆಟರು, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು.

"ಏ ಶೈಲಾ, ನೀರಿನ ಟಾಕಿ ಹತ್ರ ನಾಯಿ ಭಾಳ ಆಗ್ಯಾವ. ನನಗ ನಾಯಿ ಅಂದ್ರ ಜೀವ ಹೋಗ್ತೈತಿ. ನಡೀಲಿಲ್ಲ ಅಂದ್ರ ಸಕ್ಕರಿ ಏರ್ತೈತಿ. ಬಸದಿ ಮೂಲಿ ತನಕ ಜೋಡಿ ಬಾ, ನಿನ್ನ ಕಾಲ ಬೀಳ್ತೇನಿ."

ಅಷ್ಟು ದೊಡ್ಡವರು ಕಾಲಿಗೆ ಬೀಳುತ್ತೇನೆ ಅಂದರೆ ಹಾಸಿಗೆಯಲ್ಲಿ ಹೇಗೆ ಮಲಗುವುದು? ಎದ್ದೆ. ಕಪಾಟಿನ ಮೇಲಿನ ಬೂಟು ಇಳಿಸುವ ವ್ಯವಧಾನವೂ ಇರಲಿಲ್ಲ, ಚಪ್ಪಲಿಯಲ್ಲೇ ಹೊರಟೆ. ಓಣಿ ದಾಟುವಷ್ಟರಲ್ಲಿ ಎದೆ ಢವಗುಟ್ಟತೊಡಗಿತು, ಬಾಯಿ ಒಣಗಿತು, ಕಣ್ಣ ಮುಂದೆ ಅಣ್ಣ ಬಂದ. ಗೋಡೆ ಹಿಡಿದು ನಿಂತೆ. ಮಾವಶಿ ಗಾಬರಿಯಾಗಲಿಲ್ಲ. ನಿನ್ನೆ ಯಾವ ಪಲ್ಯ ಮಾಡಿದ್ದಿ ಅಂತ ಕೇಳಿದರು. ನನ್ನ ಜೀವ ಬಾಯಿಗೆ ಬಂದಿರುವಾಗ ಇವರಿಗೆ ಪಲ್ಯದ ಚಿಂತೆ! ಬದನೆಕಾಯಿ ಅಂದೆ. ಎಣ್ಣೆಗಾಯಿಯೋ, ಭರ್ತಾನೋ? ಎಣ್ಣೆಗಾಯಿ. ಶೇಂಗಾ ಹುರಿದು ಹಾಕಿದ್ದಿಯೋ, ಹಸಿದೋ? ಉತ್ತರ ಕೊಡುತ್ತ ಕೊಡುತ್ತ ಬಸದಿಯ ಮೂಲೆ ಬಂದೇಬಿಟ್ಟಿತ್ತು.

"ಮಾತಾಡ್ಕೋತ ನಡಿ," ಅಂದರು. "ಮಾತು ಬರಾಕತ್ತೈತಿ ಅಂದ್ರ ಎದಿ ಬರೋಬರಿ ಐತಿ ಅಂತ ತಿಳ್ಕೋ."

ಮರುದಿನ ಮತ್ತೆ ಕಿಟಕಿಯ ಹೊರಗೆ ಕೆಮ್ಮು. ದಿನ ಹೋದ ಹಾಗೆ ಬಸದಿಯಿಂದ ಟಾಕಿ, ಟಾಕಿಯಿಂದ ಕಬ್ಬಿನ ಹೊಲದ ದಾರಿ, ಅಲ್ಲಿಂದ ಪಂಚಗಂಗಾ ಹೊಳೆಯ ಘಾಟು. ಘಾಟಿನ ಮೆಟ್ಟಿಲ ಮೇಲೆ ಕೂತು ಸೂರ್ಯನ ದಾರಿ ಕಾಯುತ್ತಿದ್ದೆವು. ಅವನು ಪೂರಾ ಕಂಡ ಮೇಲೆ ಮಾವಶಿ ಕೈಮುಗಿದು ಸೆರಗಿನ ಗಂಟು ಬಿಚ್ಚುವರು, ಬೆಲ್ಲದಲ್ಲಿ ಮುಕ್ಕಾಲು ನನಗೆ, ಕಡ್ಡಿಯಷ್ಟು ಅವರಿಗೆ. ಆ ಬೆಲ್ಲದ ಆಸೆಗೇ ನಾನು ಅಲ್ಲಿಯವರೆಗೆ ಹೋಗುತ್ತಿದ್ದೆ ಅಂದರೂ ಸುಳ್ಳಲ್ಲ. ನಾಯಿ ಎದುರಾದರೆ ಮಾವಶಿ ನನ್ನ ಬೆನ್ನ ಹಿಂದೆ ಸರಿದು ನಿಲ್ಲುತ್ತಿದ್ದರು. ನಾನು ಹಚ್ಯಾ ಹಚ್ಯಾ ಅನ್ನುತ್ತ ಶೂರಳಾಗಿಬಿಟ್ಟಿದ್ದೆ.

ಹಾಗಂತ ಅಂಜಿಕೆ ಹೋಗಿರಲಿಲ್ಲ. ಎಷ್ಟೋ ದಿನ ಕೆಮ್ಮು ಕೇಳಿಯೂ ಕೇಳದಂತೆ ಮಲಗಿದ್ದುಂಟು. ಒಮ್ಮೆ ಜ್ವರ ಅಂತ ಸುಳ್ಳು ಹೇಳಿದೆ. ಕಿಟಕಿಯಿಂದ ಕೈ ಹಾಕಿ ಹಣೆ ಮುಟ್ಟಿ ನೋಡಿದರು. ಬೈಯಲಿಲ್ಲ. ಅವತ್ತು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅಂಜಿಕಿನ ಮನ್ಯಾಗ ಒಂದ ಬಿಟ್ಟು ಬರಬ್ಯಾಡ, ಮನಿ ತುಂಬ ಬೆಳೀತೈತಿ. ಜೋಡಿ ಕರಕೊಂಡ ಬಾ. ಅದಕ್ಕೂ ನಡದು ದಣಿವಾಗಲಿ."

ಕೊಲ್ಹಾಪುರಕ್ಕೆ ತಮ್ಮ ತಪಾಸಣೆಗೆ ಹೋಗುವಾಗ ನನ್ನನ್ನೂ ಕರೆದೊಯ್ದರು. ದವಾಖಾನೆ ಮುಗಿದ ಮೇಲೆ ರಿಕ್ಷಾದವನಿಗೆ ರಂಕಾಳಾ ಅಂದರು.  ಅಣ್ಣ ಹೋದ ಮೇಲೆ ಆ ಕೆರೆಯ ಕಡೆ ನಾನು ಮುಖ ಹಾಕಿರಲಿಲ್ಲ. ಇಳಿಯುವುದಿಲ್ಲ ಅಂದೆ. ಹೆದರಿದವರ ಮೇಲೆ ಹಾವು ಒಗೆಯುತ್ತೀರೇನು ಅಂತ ಅಳತೊಡಗಿದೆ. ಮಾವಶಿ ರಿಕ್ಷಾದಲ್ಲೇ ಕೂತು, ಬಿದ್ದು ಹೋಗುವ ಒಂದು ತಿಂಗಳ ಮೊದಲಿನಿಂದ ನಿಮ್ಮಣ್ಣ ಎದೆ ಹಿಡಿದುಕೊಳ್ಳುತ್ತಿದ್ದ ಅಂತ ನೀನೇ ಹೇಳಿದ್ದಿಯಲ್ಲ, ದವಾಖಾನೆಗೆ ಹೋದನೇನು ಅಂತ ಕೇಳಿದರು. ಇಲ್ಲ ಅಂದೆ. "ಮತ್ತ ಕೆರಿ ಮ್ಯಾಲ ಯಾಕ ಸಿಟ್ಟು?" ಅಂದರು. ಅವರ ಕೈ ಹಿಡಿದುಕೊಂಡೇ ದಂಡೆಯ ಮೇಲೆ ಸ್ವಲ್ಪ ದೂರ ನಡೆದೆ. ಮಾತೇ ಹೊರಡಲಿಲ್ಲ. ಇವತ್ತೊಂದಿನ ನಾ ಮಾತಾಡ್ತೇನಿ ಅಂತ ಅವರೇ ಉದಗಾಂವದ ಎಮ್ಮೆಗಳ ಕಥೆ ಹೇಳುತ್ತ ಬಂದರು.

ಆಮೇಲೆ ಬಂತು ಆ ಚಳಿಗಾಲ. ಕಾರ್ಖಾನೆಯಲ್ಲಿ ಕಬ್ಬು ಅರೆಯುತ್ತಿದ್ದ ದಿನಗಳು, ಊರೆಲ್ಲ ಕಾಕಂಬಿಯ ವಾಸನೆ. ಹಿಂದಿನ ದಿನ ಮಾವಶಿ ಯಾರದೋ ಮದುವೆಗೆ ಹೋಗಿದ್ದರು. ಊಟಕ್ಕೆ ಕೂರುವಷ್ಟರಲ್ಲಿ ಹೊತ್ತು ಮುಳುಗುವುದರಲ್ಲಿತ್ತು, ಎರಡು ತುತ್ತು ತಿಂದು ಎದ್ದರಂತೆ. ಸಕ್ಕರೆಗೆ ತೆಗೆದುಕೊಳ್ಳುವ ಸೂಜಿ ಮಾತ್ರ ದಿನದ ಹಾಗೆ ಪೂರಾ ಚುಚ್ಚಿಕೊಂಡಿದ್ದರು. ಇದು ನನಗೆ ಗೊತ್ತಾದದ್ದು ಆಮೇಲೆ.

ಕಬ್ಬಿನ ದಾರಿಯಲ್ಲಿ ಮಂಜು. ಒಂದು ಬೀದಿದೀಪದಿಂದ ಇನ್ನೊಂದು ಕಾಣುತ್ತಿರಲಿಲ್ಲ. ಮಾವಶಿ ಮದುವೆಯ ಬೀಗರನ್ನು ಆಡಿಕೊಳ್ಳುತ್ತ ಬರುತ್ತಿದ್ದರು. ನಡುವೆ ಮಾತು ಎಲ್ಲೋ ಜಾರಿತು. ಬೀಗರ ಮಾತಿನಲ್ಲಿ ಜೋಳ ಬಂತು, ಜೋಳದಲ್ಲಿ ತೀರಿಕೊಂಡ ಗಂಡ ಬಂದ. ನಾನು ನಗಲು ಹೋದೆ. ಅಷ್ಟರಲ್ಲಿ ಅವರ ನಾಲಿಗೆ ತೊದಲಿತು. ಮಾತು ಬರುತ್ತಿಲ್ಲ ಅಂದರೆ?  ತಿರುಗಿ ನೋಡಿದರೆ ಆ ಚಳಿಯಲ್ಲೂ ಮುಖದ ಮೇಲೆ ಬೆವರು ಹರಿಯುತ್ತಿತ್ತು. ಹಿಡಿಯುವ ಮೊದಲೇ ಕುಸಿದು ಕೂತರು.

ಸುತ್ತ ಒಬ್ಬ ನರಪಿಳ್ಳೆಯಿಲ್ಲ. ಫೋನು ಮನೆಯಲ್ಲಿ. ಕೂಗಿದೆ, ಮಂಜು ನನ್ನ ದನಿಯನ್ನು ನುಂಗಿತು. ದನಿ ಕೇಳಿ ಬಂದದ್ದು ನಾಯಿಗಳು. ಕಬ್ಬಿನ ಸಂದಿಯಿಂದ ಒಂದು, ಎರಡು, ಆಮೇಲೆ ಎಷ್ಟೋ. ಮುಂದಿದ್ದದ್ದು ಕರೀ ನಾಯಿ, ಕರುವಿನಷ್ಟು ಎತ್ತರ. ಕಲ್ಲು ಹುಡುಕಿದೆ, ಕೈಗೆ ಸಿಗಲಿಲ್ಲ. ಅಂಜಿಕೆ ಅಂದರೆ ಏನು ಅಂತ ನನಗೆ ಅವತ್ತು ತಿಳಿಯಿತು, ಅದುವರೆಗೆ ಹಾಸಿಗೆಯಲ್ಲಿ ಪಟ್ಟದ್ದೆಲ್ಲ ಬರೀ ಆಟ. ಕರೀ ನಾಯಿ ನನ್ನನ್ನು ಲೆಕ್ಕಿಸದೆ ಮಾವಶಿಯ ಹತ್ತಿರ ಹೋಗಿ, ಅವರ ಕೈ ಮೂಸಿ, ತೊಡೆಗೆ ಮೈಯಾನಿಸಿ ಕೂತುಕೊಂಡಿತು. ಮಾವಶಿ ಕಣ್ಣು ತೆರೆಯದೆ ಅದರ ತಲೆ ನೇವರಿಸಿದರು. "ಕಾಳ್ಯಾ," ಅಂದರು, ನಿದ್ದೆಯಲ್ಲಿ ಅಂದ ಹಾಗೆ.

ಯೋಚಿಸುವ ಹೊತ್ತಲ್ಲ ಅದು. ಸೆರಗಿನ ಗಂಟು ಬಿಚ್ಚಿ ಬೆಲ್ಲ ಬಾಯಿಗೆ ಹಿಡಿದೆ. ಮಾವಶಿ ಹಲ್ಲು ಕಚ್ಚಿದರು. ತಲೆ ಅಲ್ಲಾಡಿಸಿದರು. ಪ್ರಜ್ಞೆ ಹೋಗುತ್ತಿದ್ದರೂ ನೇಮ ಹೋಗಿರಲಿಲ್ಲ. ಅಣ್ಣನ ಹಾಗೆ ಇವರೂ ದಾರಿಯಲ್ಲೇ ಹೋಗುತ್ತಾರೆ, ಈ ಸಲ ನನ್ನ ಕಣ್ಣ ಮುಂದೆ ಅನ್ನಿಸಿ ನಾನು ಗಟ್ಟಿಯಾಗಿ ಹೇಳಿದೆ: "ಮಾವಶಿ, ಹೊತ್ತು ಹುಟ್ಟೇತ್ರಿ. ಬಾಯಿ ತೆಗೀರಿ."

 ಆಮೇಲೆ ಹಲ್ಲು ಸಡಿಲವಾದವು. ಬೆಲ್ಲವನ್ನು ಬೆರಳಿನಿಂದ ಒಸಡಿಗೆ ತಿಕ್ಕಿದೆ, ಕರಗಿದ ಹಾಗೆ ಮತ್ತೆ ತಿಕ್ಕಿದೆ. ಹಾಲಿನವನ ಮೋಟರಸೈಕಲ್ಲಿನ ಬೆಳಕು ಕಾಣುವ ಹೊತ್ತಿಗೆ ಅವರು ನನ್ನ ಹೆಸರು ಹೇಳಿದ್ದರು.

ಕಾಳ್ಯಾನ ವಿಷಯ ಓಣಿಯವರಿಂದ ತಿಳಿಯಿತು. ನಾನು ಆಫೀಸಿನಲ್ಲಿದ್ದ ಹೊತ್ತಿನಲ್ಲಿ, ದಿನಾ ಮಧ್ಯಾಹ್ನ, ಆ ನಾಯಿಗಳ ಹಿಂಡಿಗೆಲ್ಲ ಗಿರಣಿಯ ಹಿಂದೆ ರೊಟ್ಟಿ ಹಾಕುತ್ತಿದ್ದದ್ದು ಇದೇ ಮಾವಶಿಯಂತೆ. ನನಗೆ ಸಿಟ್ಟು ಬಂತು, ನಗು ಬಂತು, ಕೊನೆಗೆ ಅಳು ಬಂತು. ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ಮಗಳು ಸುಜಾತಾ ಬಂದು, ಇನ್ನು ಒಬ್ಬಳೇ ಇರುವುದು ಬೇಡ ಅಂತ ಅವರನ್ನು ತನ್ನೂರು ಗಡಹಿಂಗ್ಲಜಕ್ಕೆ ಕರೆದುಕೊಂಡು ಹೋದಳು. ಗಿರಣಿಗೆ ಬೀಗ ಬಿತ್ತು.

ಅಲ್ಲಿ ಮಾವಶಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು, ಎಲುಬು ಕೂಡಿತು, ಆದರೆ ಹಾಸಿಗೆ ಬಿಟ್ಟು ಏಳಲೊಲ್ಲರು. ನಡೆಸದಿದ್ದರೆ ಹಾಸಿಗೆಯಲ್ಲೇ ಮುಗಿಯುತ್ತದೆ ಅಂತ ಡಾಕ್ಟರು ಹೇಳ್ಯಾರ, ನೀ ಒಮ್ಮೆ ಬಾರಕ್ಕಾ ಅಂತ ಸುಜಾತಾ ಫೋನಿನಲ್ಲಿ ಅತ್ತಳು. ನಾನು ಹೋದೆ. ಹಿಡಿದು ನಡೆಯುವ ವಾಕರು ಗೋಡೆಗೆ ನಿಂತಿತ್ತು, ಅದರ ಮೇಲೆ ಟವೆಲು ಒಣಹಾಕಿದ್ದರು. ರೆಪ್ಪೆಯ ಮೇಲೆ ಹಿಟ್ಟಿಲ್ಲದ ಮಾವಶಿಯನ್ನು ನಾನು ನೋಡಿದ್ದು ಅದೇ ಮೊದಲು. ಭಾಳ ಸಣ್ಣಾಗಿದ್ದರು.

"ನೋವಿಲ್ಲ ಶೈಲಾ. ಎದ್ದರ ಬೀಳ್ತೇನಿ ಅನಸ್ತೈತಿ. ಖರೇ ಹೇಳ್ತೇನಿ, ಅಂಜಿಕಿ ಬರಾಕತ್ತೈತಿ," ಅಂದರು. ಅವರ ಬಾಯಿಂದ ಆ ಮಾತು ಕೇಳಿ ನನಗೇ ಅಂಜಿಕೆಯಾಯಿತು.

ರಾತ್ರಿ ಅಲ್ಲೇ ಉಳಿದೆ. ನಸುಕಿನಲ್ಲಿ ಚೀಲ ಹೆಗಲಿಗೆ ಹಾಕಿ ಅವರ ಹಾಸಿಗೆಯ ಹತ್ತಿರ ನಿಂತು ಕೆಮ್ಮಿದೆ.

"ಮಾವಶಿ, ಬಸ್ಸಿಗೆ ಹೊತ್ತಾತ್ರಿ. ಗೇಟಿನ ಹತ್ರ ನಾಯಿ ಕುಂತೈತಿ. ನನಗ ಅಂಜಿಕಿ. ಗೇಟಿನ ತನಕ ಜೋಡಿ ಬರ್ತೀರೇನು?"

 ಅವರ ತುಟಿಯ ಮೂಲೆ ಅಲುಗಿತು. ಕಳ್ಳಿ, ಆ ವಾಕರ್ ಈ ಕಡೆ ತಾ ಅಂದರು.

ಅಂಗಳ ದಾಟಲು ಎಷ್ಟು ಹೊತ್ತಾಯಿತೋ. ವಾಕರು ಒಂದು ಗೇಣು ಮುಂದೆ, ಅದರ ಹಿಂದೆ ಅವರ ಒಂದು ಹೆಜ್ಜೆ, ಅವರ ಹಿಂದೆ ನಾನು. ನಿನ್ನೆ ಸುಜಾತಾ ಯಾವ ಪಲ್ಯ ಮಾಡಿದ್ದಳು ಅಂತ ಕೇಳಿದೆ. ಹೀರೇಕಾಯಿ, ಉಪ್ಪು ಕಡಿಮೆ ಅಂದರು. ಗೇಟು ಮುಟ್ಟಿದೆವು. ಅಲ್ಲಿ ಯಾವ ನಾಯಿಯೂ ಇರಲಿಲ್ಲ. ಗೇಟಿನ ಸರಳು ಹಿಡಿದು ಮಾವಶಿ ಉಸಿರು ತೆಗೆದುಕೊಂಡರು.

"ಅವತ್ತ ಹೊತ್ತು ಹುಟ್ಟಿರಲಿಲ್ಲ, ಹೌದಿಲ್ಲೊ?"

ನಾನು ತಲೆ ತಗ್ಗಿಸಿದೆ. ಇಲ್ರಿ ಅಂದೆ.

"ಗೊತ್ತಿತ್ತು. ಬೀದಿದೀಪ ಉರಿಯಾಕತ್ತಿತ್ತು."

"ಮತ್ತ ಬಾಯಿ ಯಾಕ ತೆಗದ್ರಿ?"

"ನಿನ್ನ ದನಿ ಕೇಳಿದೆ. ನಾ ಸತ್ತರ ಈ ಪೋರಿ ಮತ್ತ ಹಾಸಿಗಿ ಬಿಟ್ಟು ಏಳಂಗಿಲ್ಲ ಅನಸ್ತು."

ಸೂರ್ಯ ಎದುರು ಮನೆಯ ಮಾಳಿಗೆಯ ಮೇಲೆ ಬರುವವರೆಗೆ ಇಬ್ಬರೂ ಹಾಗೇ ನಿಂತೆವು. ಅವರು ಸೆರಗಿನ ಗಂಟಿಗೆ ಕೈ ಹಾಕಿದರು. ಗಂಟು ಬಿಗಿಯಾಗಿತ್ತು, ಆದರೂ ನನಗೆ ಬಿಚ್ಚಲು ಕೊಡಲಿಲ್ಲ. ಮುಕ್ಕಾಲು ಬೆಲ್ಲ ನನಗೆ, ಕಡ್ಡಿಯಷ್ಟು ಅವರಿಗೆ. ನನ್ನ ಬಸ್ಸು ಆಗಲೇ ಹೋಗಿತ್ತು.

ಮಳೆಗಾಲದಲ್ಲಿ ಮಾವಶಿ ಹೋದರು, ನಿದ್ದೆಯಲ್ಲೇ. ಕೊನೆಯ ದಿನದ ಮುಂಜಾನೆಯವರೆಗೂ ವಾಕರು ಹಿಡಿದು ಗೇಟಿನ ತನಕ ಹೋಗುತ್ತಿದ್ದರಂತೆ. ಎಲ್ಲಿಗೆ ಹೊಂಟಿ ಅಂತ ಸುಜಾತಾ ಕೇಳಿದರೆ, ಶೈಲಾನ ನಾಯಿ ಬಂದೈತೇನ ನೋಡಿ ಬರ್ತೇನಿ ಅನ್ನುತ್ತಿದ್ದರಂತೆ.

ನನ್ನ ಅಂಜಿಕೆ ಇನ್ನೂ ಇದೆ. ಇವತ್ತು ಮುಂಜಾನೆಯೂ ಇತ್ತು. ಕಿಟಕಿಯ ಹೊರಗೆ ಈಗ ಯಾರೂ ಕೆಮ್ಮುವುದಿಲ್ಲ, ಹಾಗಾಗಿ ಏಳುವುದು ಮೊದಲಿಗಿಂತ ಕಷ್ಟ. ಓಢಣಿಯ ತುದಿಗೆ ಬೆಲ್ಲ ಕಟ್ಟಿಕೊಂಡು ಬಾಗಿಲು ತೆಗೆದರೆ, ಬೀಗ ಹಾಕಿದ ಗಿರಣಿಯ ಮುಂದಿನಿಂದ ಕಾಳ್ಯಾ ಎದ್ದು ಮೈ ಮುರಿಯುತ್ತದೆ. ಕತ್ತಲಲ್ಲಿ ಇಬ್ಬರೂ ಟಾಕಿಯ ಕಡೆ ಹೊರಡುತ್ತೇವೆ. ನಿನ್ನೆ ಮಾಡಿದ ಪಲ್ಯ ಯಾವುದು, ಅದಕ್ಕೆ ಶೇಂಗಾ ಎಷ್ಟು ಹಾಕಿದೆ ಅಂತ ನಾನು ಗಟ್ಟಿಯಾಗಿ ಅದಕ್ಕೆ ಹೇಳುತ್ತ ನಡೆಯುತ್ತೇನೆ.